ಅಡಿಕೆಯ ಬಿ.ಪಿ.

ಜಯಪುರ–ಕೊಪ್ಪ ಬಸ್ಸಿನ ಡ್ರೈವರ್ ವಾಸಪ್ಪನಿಗೆ ಭೂಮಿಯ ಮೇಲೆ ಯಾರ ಬಗ್ಗೆಯೂ ಗೌರವವಿರಲಿಲ್ಲ. ಅವನ ಲೆಕ್ಕದಲ್ಲಿ ಕಾರಿನವರೆಲ್ಲ ನಿನ್ನೆ ಮೊನ್ನೆ ಸ್ಟೇರಿಂಗು ಕಂಡವರು, ಬೈಕಿನವರು ಸಾಯಲೆಂದೇ ಹೊರಟವರು. ಡಾಕ್ಟರುಗಳಂತೂ ಚೆನ್ನಾಗಿ ಓಡಾಡುವವನನ್ನು ಮಲಗಿಸಿ ರೋಗ ಹುಡುಕುವ ಜನ. ಬೆಳಗಿನ ಮೊದಲ ಟ್ರಿಪ್ಪಿಗೆ ಮುಂಚೆ ಬಾಯಿಗೆ ಬಿದ್ದ ಎಲೆ ಅಡಿಕೆಯ ಕವಳ ಊಟದ ಹೊತ್ತು ಬಿಟ್ಟರೆ ಅಲ್ಲೇ ಇರುತ್ತಿತ್ತು. ಆ ಕವಳದ ಸಂದಿಯಿಂದಲೇ ಅವನು ಲೋಕಕ್ಕೆಲ್ಲ ಬುದ್ಧಿ ಹೇಳುತ್ತಿದ್ದ.

ಇಂಥವನ ಮಗಳು ನಯನ ಶಿವಮೊಗ್ಗದಲ್ಲಿ ಎಂ.ಬಿ.ಬಿ.ಎಸ್. ಮೊದಲ ವರ್ಷಕ್ಕೆ ಸೇರಿದಳು. ಊರಿಗೆಲ್ಲ ಅದನ್ನು ಸಾರಿದ್ದೂ ವಾಸಪ್ಪನೇ, ಮನೆಯಲ್ಲಿ ಅವಳ ಪುಸ್ತಕ ಕಂಡು ಮೂಗು ಮುರಿದದ್ದೂ ಅವನೇ. ಶರೀರಕ್ರಿಯಾ ಶಾಸ್ತ್ರವಂತೆ! ಉಸಿರಾಡುವುದು ಹೇಗೆಂದು ಓದಲು ಇಷ್ಟು ದಪ್ಪದ ಪುಸ್ತಕ ಬೇಕೇ? ಎಮ್ಮೆ ಯಾವ ಪುಸ್ತಕ ಓದಿ ಉಸಿರಾಡುತ್ತದೆ?

ಪ್ರಾಕ್ಟಿಕಲ್ ಪರೀಕ್ಷೆಗೆ ಮುಂಚೆ ರಜೆಗೆ ಬಂದ ನಯನ, ಬಿ.ಪಿ. ನೋಡುವುದನ್ನು ಕಲಿಯಲು ಅಪ್ಪನ ತೋಳಿಗೇ ಪಟ್ಟಿ ಕಟ್ಟಿದಳು. ಒಮ್ಮೆ ನೋಡಿದಳು. ಇನ್ನೊಮ್ಮೆ ಗಾಳಿ ತುಂಬಿದಳು.

"ಅಪ್ಪಯ್ಯ, ನೂರ ಎಂಬತ್ತು ಇದೆ. ಬಾಯಲ್ಲಿ ಎಂತ?"

"ಕವಳ. ಮತ್ತೆಂತ, ಲಾಡು ಇರತ್ತಾ?"

ನಯನ ಪಾಠ ಒಪ್ಪಿಸುವವಳಂತೆ ಹೇಳಿದಳು: ಸುಣ್ಣದ ಜೊತೆ ಅಗಿದ ಅಡಿಕೆಯ ರಸ ಬೇಗ ರಕ್ತಕ್ಕೆ ಸೇರುತ್ತದೆ, ಎದೆಬಡಿತ ಜೋರಾಗುತ್ತದೆ, ಮೈ ಬೆವರುತ್ತದೆ, ಬಿ.ಪಿ.ಯೂ ಸ್ವಲ್ಪ ಹೊತ್ತು ಏರಬಹುದು. "ಅದಕ್ಕೇ ಬಾಯಿ ತೊಳ್ಕೊಂಡು ಅರ್ಧ ಗಂಟೆ ಸುಮ್ನೆ ಕೂತ್ಕೋ. ಆಮೇಲೂ ಹಿಂಗೇ ಇದ್ರೆ ಅದು ಅಡಿಕೆದಲ್ಲ, ನಿಂದೇ."

ವಾಸಪ್ಪನ ಕಿವಿ ತನಗೆ ಬೇಕಾದಷ್ಟನ್ನು ಕೇಳಿಸಿಕೊಂಡು ಮುಚ್ಚಿಕೊಂಡಿತು. ಅದಕ್ಕೆ ಕಾರಣವೂ ಇತ್ತು. ಲೈಸೆನ್ಸು ರಿನ್ಯೂ ಮಾಡಿಸಬೇಕಿತ್ತು, ಅದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕಿತ್ತು. ಕೊಪ್ಪದ ಡಾಕ್ಟರು ಹಿಂದೊಮ್ಮೆ ಬರೆದುಕೊಟ್ಟ ಬಿ.ಪಿ. ಮಾತ್ರೆಯನ್ನು ಅವನು ಮುಟ್ಟಿರಲೇ ಇಲ್ಲ. ಬಸ್ಸಿನಿಂದ ಇಳಿಸಿದರೆ ತಾನೂ ಹಿಂದಿನ ಸೀಟಿನಲ್ಲಿ ಚೀಲ ಹಿಡಿದು ಕೂರುವ ಯಾವನೋ ಒಬ್ಬನಾಗುತ್ತೇನೆ ಎಂಬ ಹೆದರಿಕೆ ಅವನಿಗೆ. ಎಲ್ಲರನ್ನೂ ಹೀಗಳೆಯುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ?

ಅರ್ಧ ಗಂಟೆ ಕೂರುವುದು ಬಿಟ್ಟು ಹೊಸ ಕವಳ ಹಾಕಿಕೊಂಡು ಹೊರಟ. ನಯನ ಪಟ್ಟಿ ಹಿಡಿದು ಅಂಗಳದವರೆಗೆ ಬಂದಳು.

"ಹೋಗೇ, ಮೊದ್ಲು ಪಾಸಾಗು" ಎಂದ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ವಾಸಪ್ಪನಿಗೆ ಬಂದದ್ದು ಕಾಲುಪಾಲು ವಿದ್ಯೆ. ಅವನು ಹಾಡುಹಗಲೇ ಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಅದರ ಕೊಡೆ ಬಿಡಿಸಿದ. ಮೊದಲು ಸಿಕ್ಕವರು ಅಡಿಕೆ ವ್ಯಾಪಾರಿ ರೇಣುಕಪ್ಪ. ಅವರು ಆರು ವರ್ಷದಿಂದ ತಪ್ಪದೆ ಬಿ.ಪಿ. ಮಾತ್ರೆ ನುಂಗುತ್ತಿದ್ದವರು.

"ರೇಣುಕಪ್ಪೋರೆ, ನಿಮ್ಗೆ ಇರೋದು ಬಿ.ಪಿ. ಅಲ್ಲ, ಅಡಿಕೆ! ಬಾಯಲ್ಲಿ ಕವಳ ಇಟ್ಕಂಡು ತೋರ್ಸಿದ್ರೆ ಯಾರಿಗಾದ್ರೂ ಏರತ್ತೆ. ನನ್ ಮಗಳೇ ಹೇಳಿದ್ದು."

"ಹಂಗಾರೆ ಮಾತ್ರೆ ಎಂತಕ್ಕೆ ಮಾರಾಯ?"

"ಎಂತಕ್ಕೂ ಇಲ್ಲ. ಬಿಟ್ಹಾಕಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಇಲ್ಲಿ ವೈದ್ಯ ಬಸ್ಸು ಓಡಿಸುತ್ತಿದ್ದ, ಅಷ್ಟೇ. ವಾರದೊಳಗೆ ಮಾತು ಊರೆಲ್ಲ ಹಬ್ಬಿತು. ತೋಟದವರಿಗೆ ಅದರಲ್ಲೊಂದು ಹೆಮ್ಮೆಯೂ ಹುಟ್ಟಿಕೊಂಡಿತು. "ನಂದು ನೂರ ಎಪ್ಪತ್ತು" ಎಂದು ಒಬ್ಬ ಹೇಳಿದರೆ, "ನಮ್ ತೋಟದ ಅಡಿಕೆ ಅದಕ್ಕಿಂತ ಖಡಕ್ಕು" ಎಂದು ಇನ್ನೊಬ್ಬ ಎದೆ ಸೆಟೆಸುತ್ತಿದ್ದ. ಇಂಥ ಬುದ್ಧಿವಂತರ ಊರಿಗೆ ಆಸ್ಪತ್ರೆ ಯಾಕೆ ಬೇಕು ಹೇಳಿ.

ಕಾಲೇಜಿಗೆ ಮರಳಿದ ನಯನ ಫೋನು ಮಾಡಿದಾಗಲೆಲ್ಲ "ಬಿ.ಪಿ. ತೋರಿಸ್ದ್ಯಾ?" ಎಂದು ಕೇಳುತ್ತಿದ್ದಳು. ಇವನು "ಹೂಂ" ಎನ್ನುತ್ತಿದ್ದ.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ರೇಣುಕಪ್ಪ ಹೆಂಡತಿ ಅನ್ನಪೂರ್ಣಮ್ಮನ ಜೊತೆ ಕೊಪ್ಪಕ್ಕೆ ಹೊರಟು ಡ್ರೈವರ್ ಪಕ್ಕದ ಸೀಟಿನಲ್ಲೇ ಕೂತರು. ಅಡಿಕೆ ಧಾರಣೆಯ ಏರಿಳಿತದ ಮಾತಾಡುತ್ತಿದ್ದವರ ನಾಲಿಗೆ ಅರ್ಧ ದಾರಿಯಲ್ಲಿ ತೊದಲತೊಡಗಿತು.

"ಕವಳ ಉಗಿದು ಮಾತಾಡಿ ರೇಣುಕಪ್ಪೋರೆ" ಎಂದು ವಾಸಪ್ಪ ನಕ್ಕ.

ಅನ್ನಪೂರ್ಣಮ್ಮ ಕಿರುಚಿದಾಗ ತಿರುಗಿ ನೋಡಿದ. ರೇಣುಕಪ್ಪನ ಬಾಯಿ ಒಂದು ಪಕ್ಕಕ್ಕೆ ಜಾರಿತ್ತು, ಆ ಕಡೆಯ ತುಟಿಯಿಂದ ಕೆಂಪು ರಸ ಅಂಗಿಯ ಮೇಲೆ ಸುರಿಯುತ್ತಿತ್ತು. ಬಲಗೈ ತೊಡೆಯಿಂದ ಕೆಳಗೆ ಬಿದ್ದದ್ದು ಅವರಿಗೇ ಗೊತ್ತಿರಲಿಲ್ಲ. ವಾಸಪ್ಪ ಮುಂದೆ ಯಾವ ಸ್ಟಾಪಿನಲ್ಲೂ ನಿಲ್ಲಿಸದೆ ಬಸ್ಸನ್ನು ನೇರ ಆಸ್ಪತ್ರೆಯ ಬಾಗಿಲಿಗೇ ತಂದ.

ಒಳಗೆ ಚಿಕ್ಕ ವಯಸ್ಸಿನ ಡಾಕ್ಟರು ರೇಣುಕಪ್ಪನ ಕಣ್ಣಿಗೆ ಟಾರ್ಚು ಬಿಡುತ್ತ ಕೇಳಿದರು: "ಬಿ.ಪಿ. ಮಾತ್ರೆ ತಗೊಳ್ತಿದ್ರಾ?"

"ತಗೊಳ್ತಿದ್ರು. ಈಗೊಂದು ತಿಂಗಳಿಂದ ಬಿಟ್ಟಿದಾರೆ" ಎಂದರು ಅನ್ನಪೂರ್ಣಮ್ಮ. "ಬೇಡ ಅಂತ ಡಾಕ್ಟ್ರೇ ಹೇಳಿದ್ರಲ್ಲ."

"ಯಾವ ಡಾಕ್ಟ್ರು?"

"ಇವ್ರ ಮಗಳು. ಶಿವಮೊಗ್ಗದಲ್ಲಿ ಓದ್ತಾ ಇದಾಳೆ." ಆಕೆ ವಾಸಪ್ಪನ ಕಡೆ ತಿರುಗಿ ಕೈ ಮುಗಿದರು. "ಅವಳಿಗೊಂದು ಫೋನ್ ಮಾಡಪ್ಪ. ಈಗ ಎಂತ ಮಾಡ್ಬೇಕು ಅಂತ ಅವಳನ್ನೇ ಕೇಳು."

ಡಾಕ್ಟರ ಮುಖ ಬಿಗಿಯಿತು. "ಇನ್ನೂ ಓದ್ತಾ ಇರೋಳು ಮಾತ್ರೆ ಬಿಡಿಸ್ತಾಳಾ? ಯಾವ ಕಾಲೇಜು? ಹೆಸರೇನು ಅವಳದ್ದು?"

ಲೋಕಕ್ಕೆಲ್ಲ ಉತ್ತರ ಇಟ್ಟುಕೊಂಡಿದ್ದ ಬಾಯಿ ಅದು. ಆದರೆ ಮಗಳ ಹೆಸರನ್ನು ಅವರ ಮುಂದೆ ಹೇಳುವುದು ಅವನಿಂದ ಆಗಲಿಲ್ಲ.

"ಅವಳು ಹಂಗೆ ಹೇಳಿಲ್ಲ ಸಾರ್" ಎಂದ. "ಮಾತ್ರೆ ಬಿಡಿ ಅಂದಿದ್ದು ನಾನು."

ಮುಗಿದಿದ್ದ ಕೈಯನ್ನು ಅನ್ನಪೂರ್ಣಮ್ಮ ಕೆಳಗಿಳಿಸಿದರು. ಬೈಯಲಿಲ್ಲ. ಬೈದಿದ್ದರೆ ವಾಸಪ್ಪನಿಗೆ ನಿಲ್ಲಲು ಸ್ವಲ್ಪ ಜಾಗವಾದರೂ ಸಿಗುತ್ತಿತ್ತು.

ಹೊರಗೆ ಬಂದು ಬಸ್ಸಿನ ಮಾಲೀಕ ಷಡಕ್ಷರಿಗೆ ಫೋನು ಮಾಡಿದ.

"ವಾಪಸ್ ಟ್ರಿಪ್ಪಿಗೆ ಬೇರೆ ಡ್ರೈವರ್ ಕಳ್ಸಿ."

"ಯಾಕೆ ಮಾರಾಯ? ಬಸ್ಸಿಗೆ ಎಂತಾಯ್ತು?"

"ಬಸ್ಸಿಗೆ ಎಂತ ಆಗಿಲ್ಲ" ಎಂದ ವಾಸಪ್ಪ. "ನಂಗೆ ಬಿ.ಪಿ. ಇದೆ."