ಮೂರನೇ ನಂಬರಿನ ಬಾಟಲಿ

ಸರೋಜಾ, ಆ ಭಾನುವಾರ ನಮ್ಮ ಮನೆಯಲ್ಲಿ ಎಲ್ಲರೂ ಮೆಚ್ಚಿದ ನೇರಳೆ ವೈನು ನಿನ್ನದು. ಆಂಟನಿಯದಲ್ಲ. ನಾನು ಸುಳ್ಳು ಹೇಳಿದೆ. ಬಾಯಿತಪ್ಪಿ ಅಲ್ಲ, ಚೀಟಿ ಓದಲು ತಿಳಿಯದೆ ಅಲ್ಲ — ಕೈಯಲ್ಲಿ ಚೀಟಿ ಹಿಡಿದುಕೊಂಡು, ಅದರಲ್ಲಿದ್ದ ನಿನ್ನ ಹೆಸರನ್ನು ನೋಡುತ್ತಲೇ ಸುಳ್ಳು ಹೇಳಿದೆ.

ನಾಲ್ಕು ವರ್ಷವಾಯಿತು. ಇಷ್ಟು ಸಣ್ಣ ವಿಷಯವನ್ನು ಇಷ್ಟು ದಿನ ಹೊತ್ತು ತಿರುಗಿದಳಾ ಈ ಗಿರಿಜಾ ಅಂತ ನೀನು ನಗಬಹುದು. ನಕ್ಕುಬಿಡು. ಆದರೆ ಪೂರ್ತಿ ಓದಿದ ಮೇಲೆ ನಗು.

ನಮ್ಮ ಕ್ವಾರ್ಟರ್ಸ್ ಊಟದ ಪದ್ಧತಿ ನಿನಗೆ ನಾನು ಹೇಳಬೇಕೇ? ಆದರೂ ಬರೆಯುತ್ತೇನೆ, ಬರೆದರೆ ನನ್ನ ತಪ್ಪು ನನಗೇ ಸರಿಯಾಗಿ ಕಾಣುತ್ತದೆ. ಕಾಗದನಗರದ ಒಂದೇ ಸಾಲಿನ ಮನೆಗಳಲ್ಲಿ ಬೆಳೆದವರು ನಾವು. ಕಾಗದದ ಕಾರ್ಖಾನೆ ನಿಂತು ಕೆಲವರು ಭದ್ರಾವತಿಯಲ್ಲೇ ಉಳಿದೆವು, ಕೆಲವರು ಶಿವಮೊಗ್ಗ ಸೇರಿದೆವು. ವರ್ಷಕ್ಕೊಂದು ಸಲ, ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ, ಯಾರದಾದರೂ ಮನೆಯಲ್ಲಿ ಮಧ್ಯಾಹ್ನದ ಊಟ. ಅಡುಗೆ ಯಾರೊಬ್ಬರ ಮೇಲೂ ಬೀಳಬಾರದು — ಒಬ್ಬೊಬ್ಬರದು ಒಂದೊಂದು ಪಾತ್ರೆ. ಶಫಿಯ ಮನೆಯ ಬಿರಿಯಾನಿ, ನನ್ನ ಕಾಯಿಹೋಳಿಗೆ, ಯಾರದೋ ಅಕ್ಕಿರೊಟ್ಟಿ, ಯಾರದೋ ಎಣ್ಣೆಗಾಯಿ. ಜೊತೆಗೆ ಮನೆಯಲ್ಲೇ ಮಾಡಿದ ವೈನು. ಇದು ಆಂಟನಿ ಹಚ್ಚಿದ ಹುಚ್ಚು. ವರ್ಷ ಮುಂಚೆಯೇ ಹಣ್ಣು ಯಾವುದೆಂದು ನಿಶ್ಚಯ. ಎಲ್ಲರೂ ಅದರದ್ದೇ ಮಾಡಿ ತರಬೇಕು. ಬಾಟಲಿ ನೋಡಿ ಯಾರದೆಂದು ಗೊತ್ತಾಗಬಾರದೆಂದು ಎಲ್ಲವನ್ನೂ ಒಂದೇ ಥರದ ಶರಬತ್ತಿನ ಬಾಟಲಿಗಳಿಗೆ ಸುರಿದು, ನ್ಯೂಸ್‌ಪೇಪರ್ ಸುತ್ತಿ, ನಂಬರು ಬರೆದು ಮೇಜಿನ ಮೇಲಿಡುವುದು. ರುಚಿ ನೋಡಿದವರು ತಮಗೆ ಹಿಡಿಸಿದ ಬಾಟಲಿಯ ಮುಂದೆ ಒಂದು ಹುಣಸೆಬೀಜ ಇಡುವುದು.

ಆ ಸುರಿಯುವ, ನಂಬರು ಬರೆಯುವ ಕೆಲಸ ನನ್ನದು. ಕೊರಳಲ್ಲಿ ಲಿಂಗವಿದೆ, ನಾನು ಕುಡಿಯುವವಳಲ್ಲ. ಶಫಿಯೂ ಕುಡಿಯುವುದಿಲ್ಲ, ಆದರೆ ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಹಾಗಾಗಿ ಆಂಟನಿಯೇ ಮೊದಲ ವರ್ಷ, ಯಾವ ನಂಬರು ಯಾರದೆಂದು ಬರೆದಿಡುವ ಚೀಟಿಯನ್ನು ನನ್ನ ಕೈಗೆ ಕೊಟ್ಟು, ‘ಗಿರಿಜಾ ಟೀಚರ್ ಕುಡಿಯೋದೂ ಇಲ್ಲ, ಸುಳ್ಳು ಹೇಳೋದೂ ಇಲ್ಲ’ ಅಂದಿದ್ದ. ಆ ಮಾತಿಗೆ ನಾನು ಎಷ್ಟು ಉಬ್ಬಿದ್ದೆ ಅಂತೀಯ.

ಮತ್ತೆ ನೀನು — ನಿನಗೆ ನಾವು ಒಪ್ಪಿಸಿದ್ದ ಕೆಲಸ ಬಾಳೆಎಲೆ ತರುವುದು. ಯಾವತ್ತೋ ಒಂದು ಸಲ ನಿನ್ನ ಪುಳಿಯೋಗರೆಗೆ ಉಪ್ಪು ಹೆಚ್ಚಾಯಿತು, ಇನ್ನೊಂದು ಸಲ ಕಡುಬು ಗಟ್ಟಿಯಾಯಿತು. ಅಷ್ಟಕ್ಕೇ ನಾವೆಲ್ಲ ಸೇರಿ ನಿನ್ನ ಕೈಗೆ ರುಚಿಯಿಲ್ಲ ಅಂತ ಹೆಸರು ಕಟ್ಟಿದೆವು. ‘ನೀನು ಎಲೆ ತಾರೆ ಮಾರಾಯ್ತಿ, ಅಷ್ಟು ಸಾಕು’ ಅಂತ ಮೊದಲು ಹೇಳಿದವಳು ನಾನೇ. ನೀನೂ ನಮ್ಮ ಜೊತೆ ನಗುತ್ತಿದ್ದೆ. ಒರೆಸಿ, ಒಂದೇ ಅಳತೆಗೆ ಕತ್ತರಿಸಿದ ಎಲೆಗಳನ್ನು ತರುತ್ತಿದ್ದೆ.

ನೇರಳೆಯ ವರ್ಷ ಮಾತ್ರ ನೀನು ಎಲೆಯ ಕಟ್ಟಿನ ಜೊತೆ ಇನ್ನೊಂದನ್ನೂ ತಂದೆ. ಶಿವಮೊಗ್ಗದ ನವುಲೆಯ ನಮ್ಮ ಮನೆಯ ಅಡುಗೆಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ಚೀಲದಿಂದ ಟವೆಲ್ ಸುತ್ತಿದ ಬಾಟಲಿ ತೆಗೆದೆ. ಹಳೆಯ ಕ್ವಾರ್ಟರ್ಸಿನ ಹಿಂದಿನ ಮರದ ಹಣ್ಣಂತೆ. ಈಗ ಅಲ್ಲಿ ಯಾರೂ ಇಲ್ಲ, ಹಣ್ಣು ಸುಮ್ಮನೆ ಉದುರಿ ಹೋಗುತ್ತದೆ ಅಂತ ಬಸ್ಸಿನಲ್ಲಿ ಬಕೆಟ್ ಹಿಡಿದುಕೊಂಡು ಎರಡು ಸಲ ಹೋಗಿದ್ದೆಯಂತೆ. ಜಾಡಿಯನ್ನು ಮಂಚದ ಕೆಳಗೆ ಇಟ್ಟು ಮನೆಯವರಿಗೂ ಹೇಳಿರಲಿಲ್ಲ. ನನ್ನ ಕೈ ಹಿಡಿದುಕೊಂಡು ನೀನು ಹೇಳಿದ ಮಾತು — ‘ಚೆನ್ನಾಗಿಲ್ದಿದ್ರೆ ನನ್ನ ಹೆಸರು ಹೇಳ್ಬೇಡ ಕಣೇ.’

ಚೆನ್ನಾಗಿತ್ತು. ಆದರೂ ನಾನು ನಿನ್ನ ಹೆಸರು ಹೇಳಲಿಲ್ಲ.

ಆ ವರ್ಷ ಆಂಟನಿ ಇರಲಿಲ್ಲ. ಮಳೆಗಾಲದ ಆರಂಭದಲ್ಲಿ ನೇರಳೆ ತುಂಬಿಸಿಟ್ಟವನು ದಸರಾ ಹೊತ್ತಿಗೆ ತೀರಿಕೊಂಡಿದ್ದ. ಹೆಂಡತಿ ಫಿಲೊಮಿನಾ ಅವನು ಮಾಡಿಟ್ಟ ಒಂದೇ ಒಂದು ಬಾಟಲಿಯನ್ನು ಸೀರೆಯ ಸೆರಗಿನಲ್ಲಿ ಸುತ್ತಿ ತಂದಿದ್ದಳು. ತಾನು ಮಾತ್ರ ರುಚಿ ನೋಡಲಿಲ್ಲ. ‘ಕುಡಿದ್ರೆ ಮುಗಿದೇ ಹೋಗುತ್ತೆ ಅನ್ಸುತ್ತೆ ಗಿರಿಜಾ’ ಅಂದು ಹಿತ್ತಿಲ ಕಟ್ಟೆಯ ಮೇಲೆ ಕೂತುಬಿಟ್ಟಳು. ನಿನ್ನದು ಮೂರನೇ ನಂಬರು. ಆಂಟನಿಯದು ಐದು. ಸುರಿಯುವಾಗಲೇ ಐದರ ವಾಸನೆ ನನ್ನ ಮೂಗಿಗೆ ಹೊಡೆದಿತ್ತು. ಹುಳಿಯಾಗಿತ್ತು.

ಊಟ ಮುಗಿಯಿತು, ಬೀಜಗಳು ಬಿದ್ದವು. ಮೂರರ ಮುಂದೆ ಒಂದು ಸಣ್ಣ ರಾಶಿ. ಐದರ ಮುಂದೆ ಬರೀ ಮೇಜು. ನಾನು ಚೀಟಿ ಬಿಚ್ಚಿದೆ. ಅಷ್ಟರಲ್ಲಿ ಫಿಲೊಮಿನಾ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಆ ಖಾಲಿ ಜಾಗ ಯಾರದಿರಬಹುದು ಅಂತ ಅವಳ ಕಣ್ಣು ಹುಡುಕುತ್ತಿತ್ತು — ಅಥವಾ ಹಾಗೆ ನನಗೆ ಅನ್ನಿಸಿತು. ನನ್ನ ಬಾಯಿಂದ ಬಂದುಬಿಟ್ಟಿತು: ‘ಮೂರನೇ ನಂಬರು, ನಮ್ಮ ಆಂಟನಿದು.’

ಚಪ್ಪಾಳೆ. ಶಫಿ ಅತ್ತೇಬಿಟ್ಟ. ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವಳು ನೀನು. ಅದನ್ನು ನಾನು ನೋಡಿದೆ.

ಇಷ್ಟಕ್ಕೇ ನಿಂತಿದ್ದರೆ — ಇಲ್ಲ, ನಿಲ್ಲಲಿಲ್ಲ. ಎಲೆ ಎತ್ತುವ ಹೊತ್ತಿಗೆ ನೀನು ನನ್ನ ಹಿಂದೆಯೇ ಅಡುಗೆಮನೆಗೆ ಬಂದೆ. ‘ನಂದು ಯಾವ ನಂಬರೇ?’ ಅಂದೆ. ಒಂದನ್ನು ತಿರುಗಿಸಿದ ಮೇಲೆ ಇನ್ನೊಂದನ್ನೂ ತಿರುಗಿಸಲೇಬೇಕಲ್ಲ. ನಾನು ‘ಐದು’ ಅಂದೆ. ನಿನ್ನ ಮುಖ ಸಪ್ಪಗಾಯಿತು. ಆಮೇಲೆ ನೀನೇ ನಕ್ಕೆ. ‘ಮೂರನೇದು ನಂದೇ ಅನ್ನಿಸಿತ್ತು ಕಣೇ. ಮನೇಲಿ ನೋಡಿದಾಗ ಇದೇ ರುಚಿ ಇತ್ತು. ನನ್ನ ನಾಲಿಗೆನೂ ಸರಿಯಿಲ್ಲ ಬಿಡು.’

ಸರೋಜಾ, ನಿನ್ನ ನಾಲಿಗೆ ಸರಿಯಾಗಿತ್ತು. ಇದೊಂದು ಮಾತನ್ನು ಆಗಲೇ ಹೇಳಿದ್ದರೂ ಸಾಕಿತ್ತು. ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ನಿನ್ನ ಕಿವಿಯಲ್ಲಿ ಹೇಳಿದ್ದರೆ ಫಿಲೊಮಿನಾಗಾಗಿ ನೀನು ಜನ್ಮವಿಡೀ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ನಿನ್ನ ಗುಣ ನನಗೆ ಗೊತ್ತಿಲ್ಲವೇ! ಆದರೆ ಸುಳ್ಳು ಹೇಳದವಳು ಅನ್ನಿಸಿಕೊಂಡ ಹೆಮ್ಮೆ ನನಗೆ ನಿನಗಿಂತ ದೊಡ್ಡದಾಯಿತು. ಅದಕ್ಕೆ ಕರುಣೆ ಅಂತ ಹೆಸರಿಟ್ಟು ಇಷ್ಟು ವರ್ಷ ಒಳಗೆ ಬಚ್ಚಿಟ್ಟುಕೊಂಡೆ.

ಮೂರನೇ ಬಾಟಲಿಯಲ್ಲಿ ಉಳಿದದ್ದನ್ನು ಫಿಲೊಮಿನಾಳ ಕೈಗೆ ಕೊಟ್ಟು ಕಳಿಸಿದೆ. ನೀವೆಲ್ಲ ಹೋದ ಮೇಲೆ ಐದನೇ ಬಾಟಲಿ ಮೇಜಿನ ಮೇಲೆ ಉಳಿಯಿತು. ಆಂಟನಿಯ ಕೈಯ ಕೊನೆಯ ವೈನು. ಅದು ಮನೆಯಲ್ಲಿದ್ದರೆ ಯಾವತ್ತಾದರೂ ನನ್ನನ್ನು ಹಿಡಿದುಕೊಡುತ್ತದೆ ಅನ್ನಿಸಿತು. ಸಿಂಕಿಗೆ ಸುರಿದೆ. ನಲ್ಲಿ ಬಿಟ್ಟೆ. ನೇರಳೆ ಬಣ್ಣ ಪೂರ್ತಿ ಹೋಗುವವರೆಗೂ ನಲ್ಲಿ ಬಿಟ್ಟೆ.

ಮುಂದಿನ ವರ್ಷ ನೀನು ಎಲೆ ತಂದೆ. ಅದರ ಮುಂದಿನ ವರ್ಷವೂ ಎಲೆ. ನಾನು ಏನೂ ಆಗದವಳಂತೆ ಅದರ ಮೇಲೆ ಹೋಳಿಗೆ ಬಡಿಸಿದೆ. ಹೋದ ತಿಂಗಳು ನಿನ್ನ ಮನೆಗೆ ಬಂದಾಗ ಬಾಗಿಲ ಪಕ್ಕದಲ್ಲಿ ಆ ಜಾಡಿ ನೋಡಿದೆ, ಅದರಲ್ಲಿ ಕೊಡೆಗಳಿದ್ದವು. ನಿನ್ನ ಮೊಮ್ಮಗಳು ಪಾಯಸ ಮಾಡಿಕೊಡು ಅಂತ ಸೆರಗು ಎಳೆದರೆ ನೀನು, ‘ಅಜ್ಜಿ ಕೈಲಿ ಏನೂ ರುಚಿಯಾಗಲ್ಲ ಪುಟ್ಟಿ, ಅಮ್ಮ ಬರ್ಲಿ’ ಅಂದೆ. ನಗುತ್ತಲೇ ಅಂದೆ. ನಾನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ.

ನಿನಗೆ ಹೇಳಬೇಕಾದರೆ ಮೊದಲು ಫಿಲೊಮಿನಾಗೆ ಹೇಳಬೇಕಿತ್ತು. ನಿನ್ನೆ ಭದ್ರಾವತಿಗೆ ಹೋಗಿದ್ದೆ.

ಆಂಟನಿಯ ಫೋಟೋದ ಪಕ್ಕದಲ್ಲೇ ಇತ್ತು ಬಾಟಲಿ, ನನ್ನ ಕೈಬರಹದ ಮೂರು ಇನ್ನೂ ಅಳಿಸಿರಲಿಲ್ಲ. ವರ್ಷಕ್ಕೊಮ್ಮೆ, ಅವನು ಹೋದ ದಿನ, ಒಂದು ಚಮಚ ತೆಗೆದುಕೊಳ್ಳುತ್ತಾಳಂತೆ. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಕೂತರೆ ಹೇಳಲಾರೆ ಅನ್ನಿಸಿತು. ಅವಳು ಬಾಟಲಿಯ ಕಡೆ ತಿರುಗಿದಳು. ‘ಇಷ್ಟು ಚೆನ್ನಾಗಿ ಅವರು ಒಂದ್ಸಲನೂ ಮಾಡಿರ್ಲಿಲ್ಲ. ಕೊನೇದು ಅಂತ ಹೀಗೆ ಬಂದಿದೆ ಅಂದ್ಕೊಂಡಿದ್ದೆ’ ಅಂದಳು. ಆಮೇಲೆ, ‘ಅವರದ್ದು ಹುಳಿಯಾಗಿತ್ತಾ?’

ಹೌದೆಂದೆ.

ಅವಳು ನಕ್ಕಳು ಸರೋಜಾ. ಕಣ್ಣು ತುಂಬಿಕೊಂಡು ನಕ್ಕಳು. ‘ಅವರು ಮಾಡಿದ್ದು ಯಾವ ವರ್ಷ ಹುಳಿಯಾಗಿರ್ಲಿಲ್ಲ ಹೇಳು! ಪ್ರತಿ ಸಲ ಬೈಕೊಂಡೇ ಕುಡೀತಿದ್ದೆ. ಅದನ್ನೇ ಕೊಟ್ಟಿದ್ರೆ ಸಾಕಿತ್ತಲ್ಲೇ. ಉಳಿದಿದ್ದು ಎಲ್ಲಿ?’

ಸಿಂಕಿಗೆ ಸುರಿದೆ ಅಂದೆ. ಅವಳ ನಗು ನಿಂತಿತು.

ಎದ್ದು, ಬಾಟಲಿಯ ಧೂಳನ್ನು ಸೆರಗಿನಲ್ಲಿ ಒರೆಸಿ, ನನ್ನ ಕೈಗಿಟ್ಟು, ‘ಇದು ಸರೋಜಂದು. ಅವಳಿಗೆ ಕೊಡು’ ಅಂದಳು. ಯಾವಾಗಲೂ ಗೇಟಿನವರೆಗೆ ಬಂದು, ಬಸ್ಸಿಗೆ ಹೊತ್ತಾಯಿತು ಅಂದರೂ ಬಿಡದೆ ಮಾತಾಡುವವಳು, ನಿನ್ನೆ ಒಳಗೇ ಉಳಿದಳು. ಫೋಟೋದ ಪಕ್ಕದ ಜಾಗ ಖಾಲಿಯಾಗಿತ್ತು. ಅಲ್ಲಿ ಇಡಬೇಕಾಗಿದ್ದ ಹುಳಿ ವೈನನ್ನು ನಾನು ಎಲ್ಲಿಂದ ತರಲಿ?

ನಿನ್ನಿಂದ ಗೆಲುವನ್ನು ಕಸಿದೆ, ಅವಳಿಂದ ಅವನ ಹುಳಿಯನ್ನು ಕಸಿದೆ. ಒಬ್ಬಳಿಗೆ ಕೊಟ್ಟು ಇನ್ನೊಬ್ಬಳಿಗೆ ತಪ್ಪಿಸಿದೆ ಅಂದುಕೊಂಡಿದ್ದೆ ಇಷ್ಟು ದಿನ. ಇಬ್ಬರಿಗೂ ಏನೂ ಕೊಟ್ಟಿಲ್ಲ. ಕ್ಷಮಿಸು ಅಂತ ಕೇಳಲು ಬಾಯಿ ಬರುತ್ತಿಲ್ಲ.

ಬಾಟಲಿ ನನ್ನ ಎದುರಿಗೇ ಇದೆ. ತಳದಲ್ಲಿ ಎರಡು ಬೆರಳಿನಷ್ಟು ಉಳಿದಿದೆ. ನಾಳೆ ಬೆಳಿಗ್ಗೆ ಅದನ್ನೂ ಈ ಕಾಗದವನ್ನೂ ಅಂದಿನ ಚೀಟಿಯನ್ನೂ ತಂದು ನಿನ್ನ ಕೈಗೆ ಕೊಡುತ್ತೇನೆ. ಚೀಟಿಯನ್ನು ಹರಿದುಹಾಕುವ ಧೈರ್ಯವೂ ನನಗೆ ಬಂದಿರಲಿಲ್ಲ. ಈ ಸಲದ ಊಟದಲ್ಲಿ ಎಲ್ಲರೂ ಕೂತ ಮೇಲೆ ಅದನ್ನು ಗಟ್ಟಿಯಾಗಿ ಓದುತ್ತೇನೆ, ಮೂರು ಯಾರದು, ಐದು ಯಾರದು ಅಂತ. ಆಮೇಲೆ ಚೀಟಿಯ ಕೆಲಸ ಯಾರಿಗಾದರೂ ಕೊಡಿ, ಶಫಿಗಾದರೂ ಕೊಡಿ.

ನೀನು ಬರುವುದಾದರೆ — ಬರುತ್ತೀಯೋ ಇಲ್ಲವೋ, ಅದು ನಿನ್ನ ಇಷ್ಟ — ಕೊಡೆಗಳನ್ನು ಬೇರೆಲ್ಲಾದರೂ ಇಟ್ಟು ಆ ಜಾಡಿ ತೊಳೆದುಕೋ.

ಬಾಳೆಎಲೆ ಇನ್ನು ಮೇಲೆ ನಾನು ತರುತ್ತೇನೆ.