ಅಂಬವ್ವನ ಟಗರಿನ ಕಿವಿ

ದೋರನಹಳ್ಳಿಯ ಹಳಬರ ಮುಂದೆ ಅಂಬವ್ವನ ಹೆಸರು ತೆಗೆದರೆ, ‘ಯಾರು, ಕುರಿಕಳ್ಳಿ ಅಂಬವ್ವನಾ?’ ಎಂದು ಈಗಲೂ ಕೇಳುತ್ತಾರೆ. ಆ ಹೆಸರು ಇಟ್ಟವನು ನಾನು.

ಆಗ ಫಸಲಿ ೧೩೫೧, ಅಂದರೆ ಇಸವಿ ೧೯೪೧-೪೨, ನಿಜಾಮರ ಆಳ್ವಿಕೆ. ಅಂಬವ್ವ ಮಕ್ಕಳಿಲ್ಲದ ವಿಧವೆ. ಹದಿನೆಂಟು ಕುರಿ, ಒಂದು ಕರಿ ಟಗರು, ಕೈಯಲ್ಲಿ ಸದಾ ಉಣ್ಣೆ ನೂಲುವ ಕದಿರು. ರೈತರ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿ, ಗೊಬ್ಬರಕ್ಕೆ ಬದಲಾಗಿ ಜೋಳ ಪಡೆದು ಬದುಕುತ್ತಿದ್ದಳು. ಯಾದಗಿರಿಯಲ್ಲಿ ಪಾದ್ರಿಗಳ ಮಾತು ಕೇಳಿ ಕ್ರಿಸ್ತನನ್ನು ನಂಬಿದ್ದಳು. ತಿಂಗಳಿಗೊಮ್ಮೆ ಭೀಮಾ ದಾಟಿ ಪ್ರಾರ್ಥನೆಗೆ ನಡೆದು ಹೋಗುವಳು. ಎದುರು ಸಿಕ್ಕವರಿಗೆಲ್ಲ ‘ಕೃಪಿ, ಸಮಾಧಾನ ಇರ್ಲಿ’ ಎನ್ನುವುದು ಆಕೆಯ ಶರಣು. ನಮಗೆ ನಗು. ನಮ್ಮಲ್ಲಿ ಜಗಳ ಗೆದ್ದವನನ್ನು ಹಂಗಿಸಲು ‘ಸಮಾಧಾನ ಆತಿಲ್ಲೋ?’ ಎನ್ನುವುದು ರೂಢಿ.

ನಾನು ಶಾಲೆಯ ಹೊಸ್ತಿಲು ತುಳಿಯದೆ, ಸಂತೆಯ ಚೀಲಗಳ ಮೇಲಿನ ಬರಹ ನೋಡಿ ಕನ್ನಡ, ಉರ್ದು ಎರಡನ್ನೂ ಓದಲು ಕಲಿತವನು. ಆ ಸೊಕ್ಕಿನಲ್ಲಿ ನಮ್ಮ ಮನೆಯ ಕುರಿಗಳ ಹಿಂದೆ ನಡೆಯುವ ಕೆಲಸವನ್ನು ತಮ್ಮನಿಗೆ ಬಿಟ್ಟಿದ್ದೆ.

ರಂಗಂಪೇಟೆಯಿಂದ ಹೊಸದಾಗಿ ತಂದಿದ್ದ ನಮ್ಮ ಕರಿ ಟಗರು ಒಂದು ದಿನ ಕಾಣೆಯಾಯಿತು. ತಮ್ಮ ಊರಲ್ಲಿರಲಿಲ್ಲ. ಅದರ ಎಡಗಿವಿಗೆ ನಮ್ಮ ಮನೆಯ ಗುರುತು, ಅಂಚು ಕೊಯ್ದು ಮಾಡಿದ ಎರಡು ಕಚ್ಚು. ಹುಡುಕುತ್ತ ಹೋದರೆ ಅಂಬವ್ವನ ಹಟ್ಟಿಯ ಟಗರಿಗೂ ಎರಡು ಕಚ್ಚು! ಕಿವಿ ಹಿಡಿದು ಚಾವಡಿಗೆ ಎಳೆದು ತಂದೆ. ಪೊಲೀಸ್ ಪಟೇಲ ಭಗವಂತರಾಯರು ಕೂತಿದ್ದರು.

‘ಇದು ನನ್ನ ಕುರಿ ಹೊಟ್ಟ್ಯಾಗ ಹುಟ್ಟಿದ್ದೈತ್ರಿ ಗೌಡ್ರ,’ ಎಂದಳು ಅಂಬವ್ವ. ‘ತಮ್ಮಾ, ಕಿವಿ ಸರಿಯಾಗಿ ನೋಡು.’

‘ಓದಿದಾವಗ ನೀ ಕಲಿಸಾಕ ಬಂದ್ಯಾ? ಕುರಿಕಳ್ಳಿ!’

ಜನ ಹೋ ಎಂದು ನಕ್ಕರು. ಓದಿದವನ ಮಾತೆಂದು ಯಾರೂ ಬಗ್ಗಿ ನೋಡಲಿಲ್ಲ. ಟಗರು ನನಗಾಯಿತು. ಅವಳ ಕುರಿಗಳನ್ನು ಯಾರೂ ಹೊಲದಲ್ಲಿ ತರುಬಿಸಿಕೊಳ್ಳಬಾರದೆಂದು ತೀರ್ಮಾನವಾಯಿತು.

ಹೋಗುವಾಗ ಅವಳು ನನ್ನ ಮುಂದೆ ನಿಂತು, ‘ಸಮಾಧಾನ ಇರ್ಲಿ ನಿನಗ, ತಮ್ಮಾ,’ ಎಂದಳು. ಹಂಗಿಸಿದಳೆಂದೇ ತಿಳಿದೆ. ಅವಳ ಹೆಗಲ ಕಂಬಳಿ ಕಿತ್ತು ಧೂಳಿಗೆ ಎಸೆದೆ. ಅದೇ ವಾರ ಆ ಟಗರನ್ನು ಕಡಿದು ಬೀಗರಿಗೆ ಉಣಬಡಿಸಿದೆ.

ತಿಂಗಳ ಮೇಲೆ ಹತ್ತಿಕುಣಿಯ ಈಶಪ್ಪ ಹಗ್ಗದಲ್ಲಿ ಒಂದು ಕರಿ ಟಗರು ಹಿಡಿದು, ಊರು ಏಳುವ ಮೊದಲೇ ನಮ್ಮ ಮನೆಗೆ ಬಂದ. ಟಗರು ಕಾಣೆಯಾದ ದಿನ ಆತ ನಮ್ಮೂರ ಮೇಲಿಂದಲೇ ಹಿಂಡು ಹೊಡೆದುಕೊಂಡು ಹೋಗಿದ್ದವನು.

‘ಏನೋ ಪಂಡಿತಾ, ನಿನ್ನ ಟಗರು ನಮ್ಮ ಹಿಂಡಿನ್ಯಾಗ ಮನಿಅಳಿಯ ಆಗಿ ಕುಂತಿತ್ತಲ್ಲೋ!’

ಎಡಗಿವಿಯಲ್ಲಿ ಎರಡು ಕಚ್ಚು. ಅದರ ಬೆನ್ನ ಹಿಂದೆ ಹೋಗಿ ನಿಂತು ಮತ್ತೆ ನೋಡಿದೆ, ಆಗ ಹೊಳೆಯಿತು. ಅಂಬವ್ವನ ಟಗರಿನ ಎದುರಿಗೆ ನಿಂತು, ನನ್ನ ಎಡಗೈ ಕಡೆಗಿದ್ದ ಕಿವಿಯನ್ನು ಅದರ ಎಡಗಿವಿ ಎಂದು ಓದಿದ್ದೆ. ಅದು ಬಲಗಿವಿ, ಅವಳ ಹಟ್ಟಿಯ ಗುರುತು. ಕುರಿ ಕಾಯುವ ಮನೆಯ ಕೂಸು ಕೂಡ ಮಾಡದ ತಪ್ಪು.

ಬಂದ ಟಗರನ್ನೇ ಹೊಡೆದುಕೊಂಡು ಅವಳ ಹಟ್ಟಿಗೆ ಹೋದೆ. ಅರ್ಧ ಕುರಿಗಳು ಆಗಲೇ ಮಾರಿಹೋಗಿದ್ದವು. ಅವಳು ನೂಲುತ್ತಿದ್ದಳು.

‘ಯವ್ವಾ, ನನ್ನಿಂದ ತಪ್ಪ...’

‘ಗೊತ್ತೈತಪ್ಪ. ಅವತ್ತ ಚಾವಡ್ಯಾಗ ಬಿಟ್ಟು ಬಂದೀನಿ ಅದನ್ನ.’

‘ಈ ಟಗರು ಇಟ್ಕೋ.’

‘ಕಟ್ಟು. ಮಾಫಿ ಮಾತ್ರ ಟಗರಿನ ಬದ್ಲಿಗಲ್ಲ. ನೀ ಬರೂ ಮದ್ಲ ಆಗೈತಿ ಅದು. ಅದಕ್ಕ ಕೃಪಿ ಅಂತೀವಿ ನಾವು. ನನಗೂ ಹಂಗ ಸಿಕ್ಕೈತಿ.’

‘ಮತ್ತ ಸಮಾಧಾನ?’

ಕದಿರು ನಿಂತಿತು. ಅವಳು ನನ್ನನ್ನು ನೋಡದೆ ಎಳೆಯನ್ನೇ ನೋಡುತ್ತ ಹೇಳಿದಳು: ‘ಮುಚ್ಚಿಟ್ಕೊಂಡಾವನ ಮನಿಗಿ ಅದು ಬರಂಗಿಲ್ಲ, ತಮ್ಮಾ.’

ಅಲ್ಲಿಂದ ಚಾವಡಿ ನಲವತ್ತು ಹೆಜ್ಜೆ. ನಾನು ಹಿಂದಿನ ಓಣಿ ಹಿಡಿದೆ. ‘ಕಳ್ಳಿಗೂ ಟಗರು ಕೊಟ್ಟಾನ, ಧರ್ಮವಂತ’ ಎಂದು ಊರು ನನ್ನನ್ನು ಹೊಗಳಿತು. ಹೊಗಳಿಕೆ ಉಂಡು ಬಾಯಿ ಒರೆಸಿಕೊಂಡೆ. ಅವಳ ಕುರಿಗೆ ಮತ್ತೆ ಯಾವ ಹೊಲವೂ ಸಿಗಲಿಲ್ಲ. ಉಳಿದದ್ದು ಕದಿರೊಂದೇ.

ನಿಜಾಮರ ಆಳ್ವಿಕೆ ಮುಗಿಯುವ ಮೊದಲೇ ಆಕೆ ತೀರಿಕೊಂಡಳು. ಯಾದಗಿರಿಯ ಮಂದಿ ಬಂದು ಮಣ್ಣು ಮಾಡಿದರು. ‘ಕುರಿಕಳ್ಳಿ ಹೋದ್ಳು, ಪಾಪ,’ ಎಂದರು ಭಗವಂತರಾಯರು. ನಾನು ಪಕ್ಕದಲ್ಲೇ ನಿಂತಿದ್ದೆ.

ಕೇಳದೆಯೇ ಸಿಕ್ಕ ಕೃಪೆಯನ್ನು ನಾನು ಅಡಗಿಕೊಳ್ಳಲು ಬಳಸಿದೆ. ಎರಡು ಭಾಷೆ ಓದಬಲ್ಲ ನಾನು ಇಷ್ಟು ಬರೆಯಲು ಮುದುಕನಾಗಬೇಕಾಯಿತು. ನಾಳೆ ಇದನ್ನು ಚಾವಡಿ ಕಟ್ಟೆಯ ಮೇಲೆ ನಿಂತು ನಾನೇ ಓದುತ್ತೇನೆ. ಅಂಬವ್ವ ಕಳ್ಳಿಯಲ್ಲ. ಟಗರು ಆಕೆಯದು, ಕಚ್ಚು ಬಲಗಿವಿಯಲ್ಲಿತ್ತು.