ರಿವರ್ಸ್ ತಗೊಳ್ಳಿ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಬರುವ ಇಂಗ್ಲಿಷನ್ನೆಲ್ಲ ಕಲಿಸಿದ್ದು ಲಗೇಜ್ ಆಟೋ. ಅದರಲ್ಲಿ ನನಗೆ ಆಗದ ಪದ ಒಂದೇ, ರಿವರ್ಸ್. ನಮ್ಮೂರ ಗಾಂಧಿ ಬಜಾರಿನ ಗಲ್ಲಿಯಲ್ಲಿ ಎರಡು ಗಾಡಿ ಎದುರಾದರೆ ಒಬ್ಬರು ಹಿಂದೆ ಸರಿಯಲೇಬೇಕು. ಆ ಒಬ್ಬ ನಾನಲ್ಲ ಎಂಬುದು ಅಲ್ಲಿನ ಹಮಾಲರಿಗೆಲ್ಲ ಗೊತ್ತು. ಎಂಜಿನ್ ಆಫ್ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಕೂತುಬಿಡುತ್ತಿದ್ದೆ.

ಹೋದ ವರ್ಷ ಪಕ್ಕದೂರು ಭದ್ರಾವತಿಯ ಜನ್ನಾಪುರದವರೊಬ್ಬರು ತಮ್ಮ ಮಗನಿಗೆ ನನ್ನ ಮಗಳನ್ನು ನೋಡಿಕೊಂಡು ಹೋದರು. ಅವರದೂ ಲಗೇಜ್ ಆಟೋ. ಹುಡುಗ ಮಗಳಿಗೆ ಹಿಡಿಸಿದ್ದ. 'ಹೇಳಿ ಕಳಿಸ್ತೀವಿ' ಎಂದವರ ಸುದ್ದಿಯೇ ಇಲ್ಲ. ನನ್ನ ಫೋನು ಹೊಡೆದುಕೊಂಡರೆ ಸಾಕು, ಅಡುಗೆಮನೆಯಲ್ಲಿ ಮಗಳ ಮಿಕ್ಸಿ ನಿಲ್ಲುತ್ತಿತ್ತು.

ಅಂಥದರಲ್ಲಿ ಒಂದು ಬೆಳಿಗ್ಗೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಲ್ಲಿಗೆ ನುಗ್ಗಿದರೆ, ಎದುರಿಗೆ ಅವರೇ! ಈರುಳ್ಳಿ ಮೂಟೆ ಹೇರಿಕೊಂಡು ಬರುತ್ತಿದ್ದವರು ನನ್ನ ಹಾಗೇ ಎಂಜಿನ್ ಆಫ್ ಮಾಡಿದರು.

"ನಮಸ್ಕಾರ," ಅಂದೆ.

"ನಮಸ್ಕಾರ. ಹೆಣ್ಣಿನ ಕಡೆಯವರು ನೀವು, ಅಲ್ವಾ?" ಎಂದು ನಕ್ಕರು.

"ಹೌದು. ಗಲ್ಲಿಗೆ ಮೊದಲು ಬಂದವನೂ ನಾನೇ. ನೀವೇ ಹಿಂದೆ ಹೋಗಿ."

ನಗು ಇಂಗಿತು. "ಹಿಂದೆ ಹೋಗೋ ವಂಶ ಅಲ್ಲ ಕಣ್ರೀ ನಮ್ದು!"

ನನ್ನ ಬೆನ್ನಿಗೆ ಹಾರನ್ನುಗಳು ಶುರುವಾದವು. "ಏ ಮಾರಾಯ, ಸಂಬಂಧ ಮನೇಲಿ ಮಾತಾಡ್ಕೊಳ್ರೋ!" ಎಂದ ಹಮಾಲನೊಬ್ಬ.

"ಅಪ್ಪ, ನೀವಾದ್ರೂ..." ಎಂದಳು ಮಗಳು. ನಾನು ಎಲೆ ಅಡಿಕೆ ಹುಡುಕುತ್ತಿದ್ದೆ.

ಅವಳು ಇಳಿದಳು. ದುಪಟ್ಟಾ ಸೊಂಟಕ್ಕೆ ಬಿಗಿದು, ಗೋಡೆಗೆ ಮೈ ಉಜ್ಜಿಕೊಂಡೇ ಅವರ ಗಾಡಿಯ ಹಿಂದಕ್ಕೆ ಹೋಗಿ ಅಂಗೈಯಲ್ಲಿ ಬಡಿದಳು.

"ರಿವರ್ಸ್ ತಗೊಳ್ಳಿ ಮಾವ! ಬರ್ಲಿ... ಬರ್ಲಿ... ಸ್ವಲ್ಪ ಲೆಫ್ಟ್ ಹೊಡೀರಿ... ಬರ್ಲಿ!"

ಮದುವೆಯೇ ಗೊತ್ತಾಗಿಲ್ಲ, ಆಗಲೇ ಮಾವ! ಆದರೆ ಗಾಡಿ ಹಿಂದಕ್ಕೆ ಹೊರಟಿತ್ತು. ನನಗೆ ಆಗ ತಿಳಿಯಿತು: ಹಿಂದೆ ಹೋಗಿ ಅಂದರೆ ಮನುಷ್ಯ ಹೋಗಬೇಕು. ರಿವರ್ಸ್ ತಗೊಳ್ಳಿ ಅಂದರೆ ಹೋಗುವುದು ಗಾಡಿ, ಮನುಷ್ಯ ಮರ್ಯಾದೆಯಾಗಿ ಕೂತಲ್ಲೇ ಇರುತ್ತಾನೆ.

ಮಧ್ಯಾಹ್ನವೇ ಫೋನ್ ಬಂತು. "ಹುಡುಗಿ ಒಪ್ಪಿಗೆ ಕಣ್ರೀ. ನಿಮ್ಮನ್ನೂ ಹೆಂಗೋ ಸಹಿಸ್ಕೋತೀವಿ."

ಬೀಗರ ಮನೆಯ ಓಣಿಯಲ್ಲಿ ಗಾಡಿ ತಿರುಗಿಸಲು ಜಾಗವಿಲ್ಲ. ಮಗಳನ್ನು ನೋಡಿಕೊಂಡು ನಾನು ಹೊರಟಾಗಲೆಲ್ಲ ಅವರು ಊಟದ ಕೈ ಕೂಡ ತೊಳೆಯದೆ ಗೇಟಿಗೆ ಓಡಿ ಬಂದು, ಜನ್ನಾಪುರಕ್ಕೆಲ್ಲ ಕೇಳುವಂತೆ ಕೂಗುತ್ತಾರೆ:

"ಬೀಗ್ರೇ, ರಿವರ್ಸ್ ತಗೊಳ್ಳಿ!"